ಕುದುರಿನಲ್ಲಿ ಕೂರುವ ಸರದಿ

ನಮ್ಮ ಮನೆಯಲ್ಲಿ ಬಿ.ಎ. ಪಾಸು ಮಾಡಿದವರಲ್ಲಿ ನಾನು ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನಮ್ಮ ಅಜ್ಜ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಸಹಿ ಹಾಕಬೇಕಾದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ತನ್ನ ಹೆಸರನ್ನು ಬರೆಯಲು ಬರುತ್ತಿತ್ತು. ಅದರಿಂದ ಮುಂದಕ್ಕೆ ಅವರು ಹೋಗಲಿಲ್ಲ. ನಾನು ದಿನವೂ ಎರಡು ಮೈಲು ನಡೆದು ಕುಂಬಳೆ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಮಂಗಳೂರಿಗೆ ರೈಲು ಹಿಡಿದು, ಬಾಗಿಲ ಬಳಿ ನಿಂತುಕೊಂಡೇ ಚರಿತ್ರೆ, ಅರ್ಥಶಾಸ್ತ್ರ ಎಲ್ಲವನ್ನೂ ಓದಿದೆ. ಎಂಜಿನ್ನಿನ ಮಸಿ ಬಿದ್ದು ಪುಸ್ತಕದ ಅಂಚುಗಳು ಕಪ್ಪಾಗಿದ್ದವು. ಅದನ್ನು ನೋಡಿ ಕಾಲೇಜಿನಲ್ಲಿ ಒಬ್ಬ, “ನೀನು ಒಲೆಯ ಒಳಗೆ ಕೂತು ಓದುದಾ ಎಂತ?” ಎಂದು ಕೇಳಿದ್ದ. ಪರೀಕ್ಷೆಯಲ್ಲಿ ಅವನು ಫೇಲಾದ, ನಾನು ಪಾಸಾದೆ.

ಇಷ್ಟು ಹೇಳಿದ ಮೇಲೆ, ನಾನು ಪಾಸಾದ ಆ ವರ್ಷ ನನ್ನ ಅಣ್ಣನಿಗೆ ಏನಾಯಿತು ಎಂಬುದನ್ನೂ ಬರೆಯಬೇಕು. ಇಷ್ಟು ಕಾಲ ಬರೆದಿರಲಿಲ್ಲ.

ಸ್ವಾತಂತ್ರ್ಯ ಬಂದ ಬೆನ್ನಿಗೇ ನಮ್ಮ ಜಿಲ್ಲೆಗೆ ಪಾನನಿರೋಧ ಬಂತು. ಮಾವ ಆಗ ಹೊಳೆಬದಿಯಲ್ಲಿ ಕಳ್ಳಿನ ಅಂಗಡಿ ಇಟ್ಟಿದ್ದರು. ನಾವು ಅದಕ್ಕೆ ಗಡಂಗು ಎನ್ನುತ್ತಿದ್ದೆವು. ಒಂದೇ ದಿನದಲ್ಲಿ ಗಡಂಗಿಗೆ ಬೀಗ ಬಿತ್ತು. ಮರ ಹತ್ತುವವರು, ಮಡಕೆ ಹೊರುವವರು, ಎಲ್ಲರೂ ನಮ್ಮ ಅಂಗಳಕ್ಕೆ ಬಂದು ಸುಮ್ಮನೆ ಕೂತರು. ಬೈಯಲಿಲ್ಲ, ಬೇಡಲಿಲ್ಲ. ಮೂರು ದಿನ ಬಂದು ಕೂತರು. ನಾಲ್ಕನೆಯ ದಿನ ಮಾವ ದೋಣಿ ತೆಗೆದುಕೊಂಡು ಹೊಳೆಯ ನಡುವಿನ ಕುದುರಿಗೆ ಹೋದರು. ಕುದುರು ಎಂದರೆ ಹೊಳೆ ಸಮುದ್ರ ಸೇರುವಲ್ಲಿ ಎದ್ದ ಸಣ್ಣ ದ್ವೀಪ. ಸುತ್ತ ಉಪ್ಪುನೀರಿನಲ್ಲಿ ಒತ್ತಾಗಿ ಬೆಳೆಯುವ ಕಾಂಡ್ಲಾ ಗಿಡ, ನಡುವೆ ಹತ್ತಿಪ್ಪತ್ತು ತೆಂಗು. ಅಲ್ಲಿ ಭಟ್ಟಿ ಎದ್ದಿತು. ಎರಡು ವರ್ಷದೊಳಗೆ ಮಾವನ ಸಾರಾಯಿ ದಕ್ಷಿಣಕ್ಕೆ ಕಾಸರಗೋಡು, ಉತ್ತರಕ್ಕೆ ಮಂಜೇಶ್ವರ, ಒಳಗೆ ಅಗಲ್ಪಾಡಿಯ ಆಚೆಯವರೆಗೂ ಹೋಗುತ್ತಿತ್ತು. ಸೈಕಲ್ಲಿನ ಟ್ಯೂಬುಗಳಲ್ಲಿ ತುಂಬಿಸಿ ಹೆಂಗಸರು ಸೀರೆಯ ಒಳಗೆ ಸೊಂಟಕ್ಕೆ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ಅಣ್ಣ ಬದಿಯಡ್ಕದ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಅಂಥ ಹೆಂಗಸೊಬ್ಬಳು ಉಬ್ಬಸಪಡುತ್ತಾ ಹತ್ತಿದರೆ ಅವನು ಗಂಭೀರವಾಗಿ ಕೇಳುತ್ತಿದ್ದ:

“ಎಷ್ಟು ತಿಂಗಳಾಯ್ತು ಅಕ್ಕಾ?”

“ಒಂಬತ್ತು ತುಂಬಿತು ಮಾರಾಯ. ಬದಿಯಡ್ಕದಲ್ಲಿ ಹೆರಿಗೆ.”

“ಹಾಗಾದ್ರೆ ಕೂತ್ಕೊಳ್ಳಿ. ಅಲುಗಾಡ್ಬೇಡಿ, ಮಗು ವಾಸನೆ ಬರ್ತದೆ.”

ಈಗ ನಮ್ಮ ಮನೆಯ ಕ್ರಮವನ್ನು ಹೇಳಬೇಕು. ನಮ್ಮದು ಅಳಿಯಕಟ್ಟಿನ ಮನೆ. ನಮ್ಮಲ್ಲಿ ಗಂಡಸಿನ ಆಸ್ತಿ ಅವನ ಮಕ್ಕಳಿಗೆ ಹೋಗುವುದಿಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಮಾವನಿಗೂ ಇಬ್ಬರು ಗಂಡುಮಕ್ಕಳಿದ್ದರು. ಅವರು ತಮ್ಮ ತಾಯಿಮನೆಯವರು, ಹೊಳೆಯ ಆಚೆ ಇದ್ದರು. ಈ ಮನೆಯ ಗಂಡುಗಳು ನಾವು ನಾಲ್ವರು: ಅಮ್ಮನ ಅಕ್ಕ ದೊಡ್ಡಮ್ಮನ ಇಬ್ಬರು ಮಕ್ಕಳು, ಅಣ್ಣ, ನಾನು. ಅಪ್ಪ ನಾನು ಎರಡನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದರು.

ದಾಳಿ ಬಂದರೆ ಕುದುರಿನಲ್ಲಿದ್ದವರೆಲ್ಲ ನೀರಿಗೆ ಹಾರಿ ಕಾಂಡ್ಲಾದೊಳಗೆ ಮಾಯವಾಗಬೇಕು. ಒಬ್ಬ ಮಾತ್ರ ಓಡದೆ ಒಲೆಯ ಬಳಿ ಕೂತಿರಬೇಕು. ಒಬ್ಬ ಸಿಕ್ಕಿ, “ಎಲ್ಲ ನಾನೇ ಮಾಡಿದ್ದು” ಎಂದು ಒಪ್ಪಿಕೊಂಡರೆ ಬೇರೆಯವರನ್ನು ಹುಡುಕುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಬೇರೆ ಕಡೆ ಭಟ್ಟಿ ನಡೆಸುವವರು ಇದಕ್ಕೆ ಕೂಲಿಯವನೊಬ್ಬನನ್ನು ಕೂರಿಸುತ್ತಿದ್ದರು. ಮಾವ ಅದಕ್ಕೆ ಒಪ್ಪಲಿಲ್ಲ.

“ಕೂಲಿಯವ ಯಾಕೆ ಜೈಲಿಗೆ ಹೋಗ್ಬೇಕು? ಭಟ್ಟಿ ಯಾರದ್ದು? ನಮ್ಮದು. ಸಿಕ್ಕಿ ಬೀಳುವವನೂ ನಮ್ಮವನೇ ಆಗ್ಬೇಕು.”

ಹಾಗಾಗಿ ನಮ್ಮ ಮನೆಯ ಒಬ್ಬ ಗಂಡು ಸದಾ ಕುದುರಿನಲ್ಲಿರುತ್ತಿದ್ದ. ಮೊದಲ ಸಲದವನಿಗೆ ಶಿಕ್ಷೆ ಕಡಿಮೆ. ಒಬ್ಬ ಹೋಗಿ ಬಂದ ಮೇಲೆ ಮುಂದಿನವನ ಸರದಿ, ವಯಸ್ಸಿನ ಪ್ರಕಾರ. ಆ ಒಂದು ಕ್ರಮದಿಂದಾಗಿ ಅಷ್ಟೂ ವರ್ಷ ನಮ್ಮ ಕಡೆಯ ಒಬ್ಬನೇ ಒಬ್ಬ ದೋಣಿಯವನಾಗಲಿ, ಟ್ಯೂಬು ಸುತ್ತಿಕೊಳ್ಳುವ ಹೆಂಗಸಾಗಲಿ ಬಾಯಿ ಬಿಡಲಿಲ್ಲ. ಮಾವನನ್ನು ಜನ ದೇವರ ಹಾಗೆ ನಂಬುತ್ತಿದ್ದರು. ಅಣ್ಣ ಒಮ್ಮೆ ಊಟಕ್ಕೆ ಕೂತಾಗ, “ಬೇರೆ ಮನೆಯಲ್ಲಿ ಅಳಿಯನಿಗೆ ಗದ್ದೆ ಸಿಗ್ತದೆ, ನಮ್ಮಲ್ಲಿ ಗದ್ದೆಯ ಒಟ್ಟಿಗೆ ಜೈಲೂ ಸಿಗ್ತದೆ” ಎಂದ. ಎಲ್ಲರೂ ನಕ್ಕರು. ಮಾವನೂ ನಕ್ಕರು.

ಮೊದಲು ದೊಡ್ಡಮ್ಮನ ಹಿರಿಮಗ ಹೋದ. ಅವನು ಹೊರಗೆ ಬಂದವನೇ ಬೊಂಬಾಯಿಗೆ ಹೋದ, ಮತ್ತೆ ಕಾಗದ ಬರೆಯಲಿಲ್ಲ. ಎರಡನೆಯವನು ಅಣ್ಣ.

ಕೋರ್ಟಿಗೆ ಹೋಗುವ ಮುಂಚೆ ಮಾವ ಪಾಠ ಮಾಡುತ್ತಿದ್ದರು. ಚಾವಡಿಯ ಮಣೆಯ ಮೇಲೆ ತಾವೇ ಮೆಜಿಸ್ಟ್ರೇಟರಾಗಿ ಕೂರುತ್ತಿದ್ದರು. ಅಣ್ಣ ಎದುರಿಗೆ ಕೈಕಟ್ಟಿ ನಿಲ್ಲಬೇಕು.

“ಭಟ್ಟಿ ನಿನ್ನದಾ?”

“ಹೌದು ಸ್ವಾಮಿ.”

“ಬೆಲ್ಲ ತಂದದ್ದು ನೀನೇಯಾ?”

“ಹೌದು ಸ್ವಾಮಿ.”

“ಒಬ್ಬನೇಯಾ?”

ಅಣ್ಣ ಒಂದು ಗಳಿಗೆ ತಡೆದರೆ ಮಾವ ಮಣೆಯಿಂದ ಎದ್ದೇ ಬಿಡುತ್ತಿದ್ದರು. “ಯೋಚನೆ ಮಾಡಿದೆಯಾ? ಕೋರ್ಟಿನಲ್ಲಿ ಯೋಚನೆ ಮಾಡಿದವ ಹಾಳಾದ! ನೀನು ಯೋಚನೆ ಮಾಡಿದ್ರೆ ಅವರಿಗೆ ಇನ್ನೊಂದು ಪ್ರಶ್ನೆ ಹೊಳೀತದೆ. ಕೇಳಿದ್ದಕ್ಕೆಲ್ಲ ಹೌದು. ಮುಗೀತು.”

ಒಳಗಿನಿಂದ ದೊಡ್ಡಮ್ಮ ಕೂಗಿ ಹೇಳಿದ್ದರು: “ಮದುವೆ ಆಗಿದ್ಯಾ ಅಂತ ಕೇಳು ಅಣ್ಣಾ, ಅದಕ್ಕೂ ಹೌದು ಹೇಳ್ತಾನೆ ಪಾಪ!”

ಅಣ್ಣ ಕೋರ್ಟಿನಲ್ಲಿ ತಡೆಯದೆ ಹೌದು ಹೌದು ಎಂದು ಆರು ವಾರ ಒಳಗಿದ್ದು ಬಂದ. ಬಂದ ಮರುದಿನವೇ ಬಸ್ಸಿಗೆ ಹೋದ. ಬಸ್ಸಿನ ಮಾಲಕರು ಒಬ್ಬ ಬ್ಯಾರಿ ಸಾಹುಕಾರರು. “ಆರು ವಾರ ಕೋಣೆ ಬಾಡಿಗೆ ಎಷ್ಟಾಯ್ತಾ?” ಎಂದು ಕೇಳಿ ಅವನನ್ನು ಪುನಃ ಸೇರಿಸಿಕೊಂಡರು.

ಅಣ್ಣನಿಗೆ ಇದ್ದ ಒಂದೇ ಒಂದು ಆಸೆ ಬಸ್ಸು ಓಡಿಸುವುದು. ಯುದ್ಧಕಾಲದಲ್ಲಿ ಪೆಟ್ರೋಲು ಇಲ್ಲದೆ ಇದ್ದಿಲಿನಿಂದ ಬಸ್ಸು ಓಡುತ್ತಿದ್ದಾಗಲೇ ಅವನು ಕ್ಲೀನರಾಗಿ ಸೇರಿ, ಬಸ್ಸಿನ ಹಿಂದಿನ ಒಲೆಗೆ ಗಾಳಿ ಹಾಕಿ ಹಾಕಿ ಕೈ ಸುಟ್ಟುಕೊಂಡಿದ್ದ. ಆಮೇಲೆ ಕಂಡಕ್ಟರಾದ. ಸಂಜೆ ಟ್ರಿಪ್ಪು ಮುಗಿದ ಮೇಲೆ ಡ್ರೈವರು ಅವನಿಗೆ ಶೆಡ್ಡಿನಲ್ಲಿ ಸ್ಟೇರಿಂಗು ಕೊಡುತ್ತಿದ್ದರು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಚಳಿಗಾಲದಲ್ಲಿ, ಸಾಹುಕಾರರು, “ಏಪ್ರಿಲಿನಲ್ಲಿ ನಿನ್ನನ್ನು ಮಂಗಳೂರಿಗೆ ಟೆಸ್ಟಿಗೆ ಕರ್ಕೊಂಡು ಹೋಗ್ತೇನೆ, ಲೈಸೆನ್ಸು ಬಂದ್ರೆ ಹೊಸ ಗಾಡಿ ನಿನಗೆ” ಎಂದು ಮಾತು ಕೊಟ್ಟಿದ್ದರು. ಅಣ್ಣ ಮನೆಯಲ್ಲಿ ಊಟಕ್ಕೆ ಕೂತರೂ ಎಡಗಾಲಿನಲ್ಲಿ ನೆಲವನ್ನು ಒತ್ತುತ್ತಿದ್ದ. ಕ್ಲಚ್ಚು ಅಭ್ಯಾಸ ಮಾಡುತ್ತಿದ್ದೇನೆ ಎನ್ನುತ್ತಿದ್ದ. ಭಟ್ಟಿಯಿಂದ ಹೊರಗೆ ಬರಲು ಅವನಿಗಿದ್ದ ಬಾಗಿಲು ಅದೊಂದೇ. ಡ್ರೈವರಾದರೆ ಮಾವನೂ ಅವನನ್ನು ಬಿಟ್ಟುಬಿಡುತ್ತಿದ್ದರು. ಹಾಗೆಂದು ಅವರು ಬಾಯಿಬಿಟ್ಟು ಹೇಳಿದ್ದರು.

ಅಣ್ಣನ ನಂತರ ಸರದಿ ನನ್ನದು.

ನಾನು ಕಾಲೇಜಿನಲ್ಲಿದ್ದೆ ಎಂದು ಎಂಟು ತಿಂಗಳು ಮಾವನೇ ಕುದುರಿನಲ್ಲಿ ಕೂತರು. ಮಕರ ತಿಂಗಳಲ್ಲಿ ಒಂದು ಭಾನುವಾರ ನನ್ನನ್ನು ಚಾವಡಿಗೆ ಕರೆದರು. ಅಮ್ಮ ಬಾಗಿಲಲ್ಲಿ ಕೂತು ತೆಂಗಿನಕಾಯಿ ಹೆರೆಯುತ್ತಿದ್ದಳು. ಅಣ್ಣ ಕಂಬಕ್ಕೆ ಒರಗಿದ್ದ.

“ನನ್ನ ಕೈಲಿ ಇನ್ನು ಆಗುದಿಲ್ಲ ಮಗಾ,” ಎಂದರು ಮಾವ. “ನಾನು ಸಿಕ್ಕಿದ್ರೆ ಕುದುರೇ ಮುಗೀತದೆ. ಸರದಿ ನಿನ್ನದು. ನಾಳೆಯಿಂದ ಹೋಗು.”

“ಮಾವ, ಮಾರ್ಚಿನಲ್ಲಿ ಪರೀಕ್ಷೆ ಉಂಟು.”

“ಬರುವ ವರ್ಷ ಮಾರ್ಚು ಬರುದಿಲ್ವಾ?”

ಅವರು ಕೊಂಕು ನುಡಿಯಲಿಲ್ಲ, ನಿಜವಾಗಿಯೇ ಕೇಳಿದರು. ಒಂದು ವರ್ಷ ತಡವಾದರೆ ಪುಸ್ತಕ ಓಡಿಹೋಗುತ್ತದೆಯೇ ಎಂಬುದು ಅವರ ಲೆಕ್ಕ. ಜೈಲಿಗೆ ಹೋಗಿ ಬಂದವನಿಗೆ ಸರಕಾರದ ಕೆಲಸ ಸಿಗುವುದಿಲ್ಲ, ಶಾಲೆಯ ಕೆಲಸವೂ ಸಿಗುವುದಿಲ್ಲ ಎಂದು ನಾನು ಹೇಳಿದೆ. ಮಾವ, “ಹಾಗಾದ್ರೆ ಯಾರು ಕೂರುದು?” ಎಂದರು. ದೊಡ್ಡಮ್ಮನ ಕಿರಿಮಗನಿಗೆ ಆಗ ಹದಿನೈದೋ ಹದಿನಾರೋ.

ಅಮ್ಮ ಹೆರೆಯುವುದನ್ನು ನಿಲ್ಲಿಸಿದಳು. ಅವಳು ನನ್ನನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ಅಣ್ಣನನ್ನು ನೋಡಿದಳು.

“ಪರೀಕ್ಷೆ ಮುಗಿಯುವವರೆಗೆ ನಾನು ಕೂರ್ತೇನೆ,” ಎಂದ ಅಣ್ಣ. “ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಮೇಲೆ ಕುದುರು. ಎರಡು ತಿಂಗಳು ಅಲ್ವಾ? ಎರಡು ತಿಂಗಳಲ್ಲಿ ಎಂತ ಆಗ್ಲಿಕ್ಕುಂಟು?”

ನಾನು ಬೇಡವೆಂದೆ ಎಂದು ಇಲ್ಲಿ ಬರೆಯಬಹುದಿತ್ತು. ಕೇಳುವವರು ಯಾರೂ ಈಗ ಇಲ್ಲ. ನಾನು ಬೇಡವೆನ್ನಲಿಲ್ಲ. ಒಳಗೆ ಹೋಗಿ ಪುಸ್ತಕ ತೆರೆದೆ.

ದಾಳಿ ಬಂದದ್ದು ಪರೀಕ್ಷೆಗೆ ಮೂರು ವಾರ ಇರುವಾಗ, ಸಂಜೆ ನಾಲ್ಕರ ಹೊತ್ತಿಗೆ. ನಾನು ಅದನ್ನು ರೈಲಿನಿಂದ ನೋಡಿದೆ. ಮಂಗಳೂರಿನಿಂದ ಬರುವ ರೈಲು ಕುಂಬಳೆಗೆ ಮೊದಲು ನಮ್ಮ ಹೊಳೆಯ ಸೇತುವೆ ದಾಟುತ್ತದೆ. ಬಾಗಿಲಲ್ಲಿ ನಿಂತರೆ ಕುದುರು ಅಂಗೈಯ ಹಾಗೆ ಕಾಣುತ್ತದೆ. ಎರಡು ದೋಣಿಗಳು ಅಡ್ಡ ನಿಂತಿದ್ದವು. ಖಾಕಿಯವರು ಹಂಡೆಗಳನ್ನು ಮಗುಚುತ್ತಿದ್ದರು. ಬೂದು ಹೊಗೆ ನೀರಿನ ಮೇಲೆ ಹರಡಿತ್ತು. ಒಲೆಯ ಪಕ್ಕದಲ್ಲಿ ಒಬ್ಬ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಕಂಡಕ್ಟರನ ಅಂಗಿ ಹಾಕಿಕೊಂಡಿದ್ದ.

ನನ್ನ ಹಿಂದೆ ನಿಂತವರೊಬ್ಬರು ಬಗ್ಗಿ ನೋಡಿದರು. “ಯಾರನ್ನೋ ಹಿಡಿದ್ರು ನೋಡಿ.”

“ಯಾವನೋ ಪಾಪದವ,” ಎಂದರು ಇನ್ನೊಬ್ಬರು. “ದೊಡ್ಡವರು ಸಿಗ್ತಾರಾ?”

ನಾನು ಬಾಗಿಲಿನಿಂದ ಒಳಕ್ಕೆ ಸರಿದೆ. ಅಣ್ಣ ತಲೆ ಎತ್ತಿ ರೈಲನ್ನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ಜಾಮೀನಿನಲ್ಲಿ ಅಣ್ಣ ಮನೆಗೆ ಬಂದ. ವಕೀಲರು ಮಾವನಿಗೂ ನನಗೂ ಒಂದು ದಾರಿ ಹೇಳಿಕೊಟ್ಟರು. ಕೋರ್ಟಿಗೆ ಹೊಸ ಮೆಜಿಸ್ಟ್ರೇಟರು ಬಂದಿದ್ದಾರೆ, ಹಿಡಿದವರೂ ಹೊಸಬರು, ಅಣ್ಣನ ಹಳೆಯ ಕೇಸಿನ ಕಾಗದವನ್ನು ಯಾರೂ ತೆಗೆದಿಲ್ಲ. ಎಲ್ಲ ಒಪ್ಪಿಕೊಳ್ಳಲಿ. ಕೊನೆಯಲ್ಲಿ, ಮೊದಲು ಶಿಕ್ಷೆ ಆಗಿದೆಯೇ ಎಂದು ಒಂದು ಮಾತು ಕೇಳುತ್ತಾರೆ. ಅದಕ್ಕೆ ಮಾತ್ರ ಇಲ್ಲ ಎನ್ನಬೇಕು. ಇಲ್ಲ ಎಂದರೆ ಹಿಂದಿನ ಸಲದ ಹಾಗೆ ಕೆಲವು ವಾರ. ಏಪ್ರಿಲಿನ ಟೆಸ್ಟು ಮೇ ತಿಂಗಳಿಗೆ ಹೋಗುತ್ತದೆ, ಅಷ್ಟೆ. ಹೌದು ಎಂದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲ.

“ಓದಿದವ ನೀನು. ನೀನೇ ಅವನಿಗೆ ಅಭ್ಯಾಸ ಮಾಡಿಸು,” ಎಂದರು ಮಾವ.

ನಾನು ಅಭ್ಯಾಸ ಮಾಡಿಸಿದೆ. ಅಣ್ಣ ಬಾವಿಕಟ್ಟೆಯ ಮೇಲೆ ಕೂತಿದ್ದ. ನನ್ನ ಕೈಯಲ್ಲಿ ಅರ್ಥಶಾಸ್ತ್ರದ ಪುಸ್ತಕವಿತ್ತು. ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟು ಕೇಳಿದೆ.

“ಮೊದಲು ಶಿಕ್ಷೆ ಆಗಿದ್ಯಾ?”

“ಇಲ್ಲ ಸ್ವಾಮಿ.”

“ಇನ್ನೊಮ್ಮೆ. ಮೊದಲು ಶಿಕ್ಷೆ ಆಗಿದ್ಯಾ?”

“ಇಲ್ಲ ಸ್ವಾಮಿ. ನಾನು ಒಳ್ಳೆ ಮನೆತನದವ ಸ್ವಾಮಿ.”

“ಕುಶಾಲು ಬೇಡ ಅಣ್ಣ.”

“ನೀನು ಹೋಗಿ ಓದು ಮಾರಾಯ. ಇಷ್ಟು ಸಣ್ಣ ಪಾಠಕ್ಕೆ ಬಿ.ಎ. ಮಾಷ್ಟ್ರು ಬೇಕಾ?”

ನಾನು ಓದಲು ಹೋದೆ. ಎಲ್ಲ ಸೇರಿ ಅರ್ಧ ಗಂಟೆಯೂ ಆಗಿರಲಿಲ್ಲ. ಮುಂದೆ ನಾನು ಶಾಲೆಯಲ್ಲಿ ಪಾಠ ಹೇಳತೊಡಗಿದ ಮೇಲೆ ನನಗೆ ತಿಳಿದ ಒಂದು ಸಂಗತಿಯಿದೆ. ಕಷ್ಟದ ಪ್ರಶ್ನೆಯನ್ನು ಬೇರೆಯಾಗಿ ಕೇಳಿದರೆ ಎಲ್ಲರೂ ಸರಿ ಉತ್ತರ ಕೊಡುತ್ತಾರೆ. ಸುಲಭದ ಹತ್ತು ಪ್ರಶ್ನೆಗಳ ಬೆನ್ನಿಗೆ ಅದನ್ನು ಕೇಳಿ ನೋಡಬೇಕು. ನಾನು ಆ ಒಂದೇ ಪ್ರಶ್ನೆಯನ್ನು ಕೇಳಿದ್ದೆ. ಮುಂಚಿನ ಹೌದುಗಳನ್ನು ಬಿಟ್ಟಿದ್ದೆ. ಅವು ಅವನಿಗೆ ಗೊತ್ತೇ ಇದ್ದವಲ್ಲ.

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ, ಮಾವನ ಪಕ್ಕದಲ್ಲಿ. ಭಟ್ಟಿ ನಿನ್ನದೇ? ಹೌದು ಸ್ವಾಮಿ. ಬೆಲ್ಲ ತಂದವನು ನೀನೇ? ಹೌದು ಸ್ವಾಮಿ. ಹಂಡೆ, ಕೊಳವೆ ನಿನ್ನದೇ? ಜೊತೆಗೆ ಯಾರೂ ಇರಲಿಲ್ಲವೇ, ಒಬ್ಬನೇ? ಹೌದು ಸ್ವಾಮಿ, ಹೌದು ಸ್ವಾಮಿ. ಅಣ್ಣ ಬಹಳ ಚೆನ್ನಾಗಿ ಹೇಳುತ್ತಿದ್ದ. ಎಲ್ಲೂ ತಡೆಯಲಿಲ್ಲ. ಮಾವ ಹೌದಿಗೊಮ್ಮೆ ತಲೆಯಾಡಿಸುತ್ತಿದ್ದರು.

“ಮೊದಲು ಶಿಕ್ಷೆ ಆದದ್ದು ಉಂಟೇ?”

“ಹೌದು ಸ್ವಾಮಿ.”

ಅಲ್ಲಿಯವರೆಗೆ ಕಾಗದ ಮಗುಚುತ್ತಿದ್ದ ಸರಕಾರದ ಕಡೆಯವರು ತಲೆ ಎತ್ತಿದರು. ನಮ್ಮ ವಕೀಲರು ಎದ್ದು, “ಇವನಿಗೆ ಪ್ರಶ್ನೆ ಅರ್ಥವಾಗಲಿಲ್ಲ” ಎಂದರು. ಮೆಜಿಸ್ಟ್ರೇಟರು ಒಳ್ಳೆಯ ಮನುಷ್ಯ. ಪೆನ್ನನ್ನು ಕೆಳಗಿಟ್ಟು, ನಿಧಾನವಾಗಿ, ಮಗುವಿಗೆ ಕೇಳುವ ಹಾಗೆ ಇನ್ನೊಮ್ಮೆ ಕೇಳಿದರು.

ಅಷ್ಟರಲ್ಲಿ ಅಣ್ಣನಿಗೆ ಗೊತ್ತಾಗಿತ್ತು. ಅವನ ಕಿವಿ ಕೆಂಪಾದದ್ದನ್ನು ನಾನು ಹಿಂದಿನಿಂದ ನೋಡಿದೆ. ಅವನು ತಿರುಗಿ ಮಾವನನ್ನು ಹುಡುಕಿದ. ಈಗ ಇಲ್ಲ ಎಂದರೆ ಸುಳ್ಳು ಹೇಳಿದೆಯಾ ಎಂದು ಕೇಳುತ್ತಾರೆ, ಬೇರೆ ಯಾವುದಕ್ಕೆಲ್ಲ ಸುಳ್ಳು ಹೇಳಿದ್ದಿ ಎಂದು ಕೇಳುತ್ತಾರೆ, ಒಬ್ಬನೇ ಇದ್ದದ್ದು ನಿಜವೇ ಎಂದು ಕೇಳುತ್ತಾರೆ. ಮಾವ ನೆಲ ನೋಡುತ್ತಿದ್ದರು. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ.

“ಹೌದು ಸ್ವಾಮಿ,” ಎಂದ ಅಣ್ಣ. ಈ ಸಲ ಮೆಲ್ಲಗೆ.

ಹಳೆಯ ಕಾಗದ ತರಿಸಲು ಒಂದು ವಾರ ಹಿಡಿಯಿತು. ಒಂದು ವರ್ಷ ಕಠಿಣ ಸಜೆ ಆಯಿತು. ಕಣ್ಣೂರಿಗೆ ಕರೆದುಕೊಂಡು ಹೋದರು.

ನಾನು ಪರೀಕ್ಷೆ ಬರೆದೆ. ಚೆನ್ನಾಗಿಯೇ ಬರೆದೆ. ಎರಡನೇ ದರ್ಜೆಯಲ್ಲಿ ಪಾಸಾದ ಸುದ್ದಿ ಬಂದ ದಿನ ಮಾವ ಕೋಳಿ ಕೊಯ್ಯಿಸಿದರು. ದೋಣಿಯವರು, ಟ್ಯೂಬಿನ ಹೆಂಗಸರು ಎಲ್ಲರೂ ಬಂದು ನನ್ನನ್ನು ಮುಟ್ಟಿ ನೋಡಿ ಹೋದರು. ಅಮ್ಮ ಉಣ್ಣಲಿಲ್ಲ. ಮರುವಾರ ಅವಳನ್ನು ಕರೆದುಕೊಂಡು ಕಣ್ಣೂರಿಗೆ ಹೋದೆ. ಅಣ್ಣ ಸಪೂರವಾಗಿದ್ದ. ತಲೆ ಬೋಳಿಸಿದ್ದರು. ಸರಳಿನ ಆಚೆಯಿಂದ ಮೊದಲು ಕೇಳಿದ್ದು ಇದು:

“ಎಂತ, ಪಾಸಾ?”

“ಪಾಸು.”

“ಫಸ್ಟು ಕ್ಲಾಸಾ?”

“ಸೆಕೆಂಡು.”

“ಹೋಗಾ! ಸೆಕೆಂಡು ಕ್ಲಾಸಿಗೆ ನಾನು ಪೊಕ್ಕಡೆ, ಸುಮ್ಮಸುಮ್ಮನೆ, ಒಂದು ವರ್ಷ ಬಂದು ಕೂತೆನಲ್ಲ ಮಾರಾಯ!”

ಅಮ್ಮ ನಗುತ್ತಾ ಅಳತೊಡಗಿದಳು. ಅವತ್ತು ಹಾಗೆ ಯಾಕೆ ಹೇಳಿದೆ ಎಂದು ನಾನು ಕೇಳಿದೆ. “ಇಳಿಜಾರಿನಲ್ಲಿ ಗಾಡಿ ಬಿಟ್ಟ ಹಾಗೆ ಆಯ್ತು. ಹೌದು ಹೌದು ಅಂತ ಹೋಗ್ತಾ ಇತ್ತು, ಬ್ರೇಕು ಹಿಡೀಲಿಲ್ಲ,” ಎಂದ. ಹೊರಡುವಾಗ ದನಿ ತಗ್ಗಿಸಿ, “ಸಾಹುಕಾರರನ್ನು ಒಮ್ಮೆ ಕೇಳು. ಒಂದು ವರ್ಷ ಹೆಚ್ಚಲ್ಲ. ಹೊಸ ಗಾಡಿ ಬೇಡ, ಹಳೇದಾದ್ರೂ ಆಗ್ತದೆ ಅಂತ ಹೇಳು,” ಎಂದ.

ನಾನು ಕುಂಬಳೆಯಲ್ಲಿ ಇಳಿದು ನೇರ ಸಾಹುಕಾರರಲ್ಲಿಗೆ ಹೋದೆ. ಅವರು ಕುರ್ಚಿ ಕೊಟ್ಟು ಚಾ ತರಿಸಿದರು.

“ನಿಮ್ಮ ಅಣ್ಣನ ಕೈ ಒಳ್ಳೆದು. ಅಂಥ ಕೈ ನನಗೆ ಸಿಗುದಿಲ್ಲ,” ಎಂದರು. “ಆದ್ರೆ ಲೈಸೆನ್ಸಿಗೆ ಪೊಲೀಸು ರಿಪೋರ್ಟು ಬೇಕು. ಆರು ವಾರದ್ದು ಸಣ್ಣ ವಿಷಯ, ನಾನು ಹೇಗಾದ್ರೂ ಹೇಳಿ ನೋಡ್ತಿದ್ದೆ. ಈಗ ಎರಡು ಸಲ ಆಯ್ತು, ಒಂದು ವರ್ಷ ಆಯ್ತು. ಜನರನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ವಾ? ಕೊಡುದಿಲ್ಲ. ನಾನೂ ಕೇಳುವ ಹಾಗಿಲ್ಲ. ಬೇಜಾರು ಮಾಡ್ಬೇಡಿ.”

ಅಣ್ಣನಿಗೆ ಕಾರ್ಡು ಬರೆದೆ. ‘ಸಾಹುಕಾರರನ್ನು ಕಂಡೆ. ನೀನು ಬಂದ ಮೇಲೆ ನೋಡೋಣ ಎಂದಿದ್ದಾರೆ.’ ಜೈಲಿನಲ್ಲಿರುವವನಿಗೆ ಅದಕ್ಕಿಂತ ಬೇರೆ ಏನು ಬರೆಯುವುದು ಎಂದು ಆಗ ಅನಿಸಿತ್ತು. ಮುಂದಿನ ಕಾರ್ಡುಗಳಲ್ಲಿ ಅವನೇ ಕೇಳಿದಾಗಲೆಲ್ಲ ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಬರೆದೆ.

ನಾನು ಮಂಗಳೂರಿನ ಒಂದು ಶಾಲೆಯಲ್ಲಿ ಅಧ್ಯಾಪಕನಾದೆ. ನಡತೆಯ ಬಗ್ಗೆ ವಿಚಾರಿಸಿದರು; ನನ್ನ ಮೇಲೆ ಏನೂ ಇರಲಿಲ್ಲ.

ಅಣ್ಣನನ್ನು ಹೇಳಿದ್ದಕ್ಕಿಂತ ಕೆಲವು ದಿನ ಮೊದಲೇ ಬಿಟ್ಟರು. ಸ್ಟೇಷನ್ನಿನಲ್ಲಿ ನಮ್ಮವರು ಯಾರೂ ಇರಲಿಲ್ಲ. ಅವನು ಮನೆಗೆ ಬರದೆ ನೇರ ಬಸ್ಸಿನ ಶೆಡ್ಡಿಗೆ ಹೋದ. ಅಲ್ಲಿ ನಡೆದದ್ದನ್ನು ಸಾಹುಕಾರರು ನನಗೆ ಆಮೇಲೆ ಹೇಳಿದರು. ಅವನು ನಗುತ್ತಲೇ ಬಂದನಂತೆ. “ನೋಡುವ ಅಂತ ಹೇಳಿದ್ರಂತಲ್ಲ, ಬಂದೆ” ಎಂದನಂತೆ. ಸಾಹುಕಾರರು ಅವನನ್ನು ಕೂರಿಸಿ, ನನಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದರು. ಅವನು ಎಲ್ಲ ಕೇಳಿದ. ಆಮೇಲೆ ನಿಂತಿದ್ದ ಬಸ್ಸಿನ ಮುಂದಿನ ಗಾಜನ್ನು ತನ್ನ ಹೆಗಲ ಮೇಲಿನ ಬೈರಾಸಿನಿಂದ ಒರೆಸಿ, ಹತ್ತಿ ಸ್ವಲ್ಪ ಹೊತ್ತು ಡ್ರೈವರನ ಸೀಟಿನಲ್ಲಿ ಕೂತ. ಇಳಿದು ಹೋದ. “ಕಂಡಕ್ಟರಾಗಿ ಬಾ ಅಂದೆ. ಬೇಡ ಅಂದ. ಒಂದು ಮಾತು ಬೈದಿದ್ರೆ ನನಗೆ ನಿದ್ದೆ ಬರ್ತಿತ್ತು,” ಎಂದರು ಸಾಹುಕಾರರು.

ಶನಿವಾರ ನಾನು ಮನೆಗೆ ಹೋದಾಗ ಅಣ್ಣ ಅಂಗಳದಲ್ಲಿ ಟ್ಯೂಬುಗಳಿಗೆ ತೇಪೆ ಹಾಕುತ್ತಿದ್ದ. ನನ್ನ ಕಾರ್ಡುಗಳ ಬಗ್ಗೆ ನಾನೇ ಮಾತು ತೆಗೆದೆ. ಅವನು ತಲೆ ಎತ್ತಲಿಲ್ಲ. “ನಿನ್ನ ಅಕ್ಷರ ಚಂದ ಉಂಟು. ಅಲ್ಲಿ ಓದ್ಲಿಕ್ಕೆ ಬಾರದವರಿಗೆಲ್ಲ ತೋರಿಸಿದ್ದೆ,” ಎಂದ.

“ನನ್ನ ಒಟ್ಟಿಗೆ ಮಂಗಳೂರಿಗೆ ಬಾ ಅಣ್ಣ. ನನ್ನ ಕೋಣೆ ಉಂಟು. ವರ್ಕ್‌ಶಾಪು ಎಲ್ಲಿಯಾದ್ರೂ ಕೆಲಸ ಸಿಗ್ತದೆ.”

“ಯಾರು ನೀನು ಅಂತ ಕೇಳಿದ್ರೆ ಎಂತ ಹೇಳ್ಲಿ?”

“ನನ್ನ ಅಣ್ಣ ಅಂತ ಹೇಳು.”

“ಹೇಳಿದ್ರೆ ನಿನ್ನ ಕೆಲಸ ಹೋಗ್ತದೆ. ಹೇಳದಿದ್ರೆ ನಾನು ಯಾರು?” ತೇಪೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, “ಬಿಡು ಮಾರಾಯ,” ಎಂದ.

ನಾನು ಬಿಟ್ಟೆ. ಒಮ್ಮೆ ಕರೆದೆ. ಎರಡನೇ ಸಲ ಕರೆದರೆ ಬಂದುಬಿಟ್ಟಾನು ಎಂಬ ಹೆದರಿಕೆಯಿಂದ ಕರೆಯಲಿಲ್ಲ.

ಮಾವ ತೀರಿಕೊಂಡದ್ದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ. ಅವರ ಸ್ವಂತ ಮಕ್ಕಳಿಬ್ಬರೂ ನೆಂಟರ ಹಾಗೆ ಬಂದು, ಊಟ ಮಾಡಿ, ಹೊಳೆ ದಾಟಿ ಹೋದರು. ಕ್ರಮದ ಪ್ರಕಾರ ಅಣ್ಣ ಯಜಮಾನನಾದ. ಚಾವಡಿಯ ಮಣೆಯ ಮೇಲೆ ಕೂತ. ದೋಣಿಯವರು ಬಂದು ಅವನ ಎದುರಿಗೆ ನಿಂತರು. ಮಾವನ ಹಾಗೆಯೇ ಅವನೂ ಕೂಲಿಯವರಿಗೆ ಒಂದು ಮಾತು ಬೈಯುತ್ತಿರಲಿಲ್ಲ, ಅವರಲ್ಲಿ ಕಾಯಿಲೆಯಾದರೆ ತಾನೇ ಹೋಗಿ ನೋಡುತ್ತಿದ್ದ. ಅವನನ್ನೂ ಜನ ನಂಬತೊಡಗಿದರು. ತಮಾಷೆ ಕಡಿಮೆಯಾಗಿತ್ತು.

ಮರುವರ್ಷ ಕುದುರಿಗೆ ಪುನಃ ದಾಳಿ ಬಂತು. ಒಲೆಯ ಬಳಿ ಕೂತಿದ್ದವನು ದೊಡ್ಡಮ್ಮನ ಕಿರಿಮಗ. ಅವನಿಗೆ ಆಗ ಇಪ್ಪತ್ತು ದಾಟಿತ್ತು, ಮದುವೆಯಾಗಿ ಆರು ತಿಂಗಳು. ಸುದ್ದಿ ತಿಳಿದು ನಾನು ರಜೆ ಹಾಕಿ ಹೋದೆ. ಅಣ್ಣ ಮಣೆಯ ಮೇಲಿದ್ದ, ಕಿರಿಯವ ಎದುರಿಗೆ ಕೈಕಟ್ಟಿ ನಿಂತಿದ್ದ. ಪಾಠ ನಡೆಯುತ್ತಿತ್ತು. ಮುಗಿಯುವವರೆಗೆ ನಾನು ಹೊರಗೆ ಕಾದೆ. ಆಮೇಲೆ ಹೇಳಿದೆ:

“ಅಣ್ಣ, ಇವನನ್ನಾದ್ರೂ ಬಿಡ್ಬೇಕಿತ್ತು. ಬೇರೆ ಯಾರು ಬಿಡದಿದ್ರೂ, ನೀನು.”

“ಬಿಟ್ಟು?”

“ಕುದುರು ನಿಲ್ಲಿಸು.”

“ನಿಲ್ಲಿಸಿದ್ರೆ ಇಷ್ಟು ಮನೆಯವರು ನಾಳೆ ಬಂದು ಅಂಗಳದಲ್ಲಿ ಕೂರ್ತಾರೆ. ಅವರಿಗೆ ನೀನು ಚರಿತ್ರೆ ಪಾಠ ಮಾಡ್ತಿಯಾ?”

“ಹಾಗಾದ್ರೆ…”

“ಹಾಗಾದ್ರೆ ಕೂಲಿಯವರನ್ನು ಕೂರಿಸ್ಲಾ?”

ನಾನು ಚೀಲದ ಬಾಯಿ ಕಟ್ಟತೊಡಗಿದೆ.

“ಇಲ್ಲ, ನೀನು ಬರ್ತಿಯಾ?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವುದೂ ಇರಲಿಲ್ಲ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಜವಾಗಿಯೂ ಕಾದ. ಮತ್ತೆ, “ನಿನ್ನ ರೈಲು ಎಷ್ಟು ಗಂಟೆಗೆ?” ಎಂದು ಕೇಳಿದ. ನಾನು ಹೇಳಿದೆ. ಒಳಗೆ ತಿರುಗಿ, ಇವನಿಗೆ ಬೇಗ ಬಡಿಸಿ ಎಂದ.

ಕಿರಿಯವ ಗದ್ದೆಯ ಬದಿಯವರೆಗೆ ನನ್ನ ಜೊತೆಗೆ ಬಂದ. ನನ್ನ ಚೀಲವನ್ನು ಅವನೇ ಹಿಡಿದುಕೊಂಡಿದ್ದ. ಕೋರ್ಟಿಗೆಂದು ಅವನ ಹೆಂಡತಿ ಒಗೆದು ಹಾಕಿದ್ದ ಬಿಳಿ ಅಂಗಿ ಬೇಲಿಯ ಮೇಲೆ ಒಣಗುತ್ತಿತ್ತು. ಅವನು ಬಹಳ ಹೊತ್ತು ಏನೋ ಕೇಳಬೇಕೆಂದು ತಡವರಿಸುತ್ತಿದ್ದ. ನಾನು ಓದಿದವ, ದೊಡ್ಡ ಊರಿನಲ್ಲಿರುವವ. ಏನಾದರೂ ದಾರಿ ಕೇಳುತ್ತಾನೆ ಎಂದುಕೊಂಡೆ. ಏನು ಹೇಳಲಿ ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ.

“ಅಣ್ಣಾ,” ಎಂದ ಕೊನೆಗೆ, “ಜೈಲಿನಲ್ಲಿ ಗಂಜಿಗೆ ಉಪ್ಪು ಬೇರೆ ಕೊಡ್ತಾರಾ, ಇಲ್ಲ ಅವರೇ ಹಾಕಿರ್ತಾರಾ?”

ನನಗೆ ಗೊತ್ತಿರಲಿಲ್ಲ. ಆ ಮನೆಯ ಗಂಡಸರಲ್ಲಿ ಅದು ಗೊತ್ತಿಲ್ಲದೆ ಉಳಿಯುವವನು ಇನ್ನು ನಾನೊಬ್ಬನೇ.